ಚಿಕೋರಿ ಸಿರಪ್ಪಿನ ಒಬ್ಬಟ್ಟು ತಿಂದರೂ ಊಟದ ನಂತರದ ಸಕ್ಕರೆ 214 ಬಂದದ್ದು ಏಕೆ?

ಶಿರಾಗೇಟ್ ಸೊಸೆ
ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಶಿರಾಗೇಟ್ ಬಳಿ ಇದ್ದೇವೆ. ನಮ್ಮ ಮಾವನವರಿಗೆ 67 ವರ್ಷ, ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ನೋಡಿದರೆ ಸಾಮಾನ್ಯವಾಗಿ 115ರಿಂದ 125ರ ಒಳಗೆ ಇರುತ್ತದೆ. ಹಬ್ಬದ ದಿನ ಉಳಿದವರೆಲ್ಲ ಎರಡು, ಮೂರು ಒಬ್ಬಟ್ಟು ಹಾಕಿಸಿಕೊಳ್ಳುವಾಗ ಅವರು ಒಂದನ್ನು ತಿಂದು ಎಲೆಯ ಮುಂದೆ ಸುಮ್ಮನೆ ಕುಳಿತಿರುವುದನ್ನು ನೋಡಲಾಗದೆ, ಈ ಯುಗಾದಿಗೆ ಬೆಲ್ಲದ ಬದಲು ಚಿಕೋರಿ ಬೇರಿನ ಸಿರಪ್ ತಂದೆ. ಬಾಟಲಿಯ ಮೇಲೆ 'ಪ್ರೀಬಯಾಟಿಕ್, ಸಸ್ಯಜನ್ಯ ಸಿಹಿ' ಎಂದು ಬರೆದಿತ್ತು. ಅಂಗಡಿಯವರು 'ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದು' ಎಂದು ಭರವಸೆ ಕೊಟ್ಟರು.

ಮಾವನವರು ಅಂದು ಸಂತೋಷದಿಂದ ಮೂರು ಒಬ್ಬಟ್ಟು ತಿಂದರು. ಜೊತೆಗೆ ಅನ್ನ, ಒಬ್ಬಟ್ಟಿನ ಸಾರು, ಕೋಸಂಬರಿ ಇತ್ತು. ಎರಡು ಗಂಟೆಯ ನಂತರ ಮನೆಯ ಗ್ಲೂಕೋಮೀಟರಿನಲ್ಲಿ 214 ಬಂತು. ಕಳೆದ ವರ್ಷ ಬೆಲ್ಲದ ಒಂದೇ ಒಬ್ಬಟ್ಟು ತಿಂದಾಗ 182 ಇತ್ತು. ಸಂಜೆಯ ಹೊತ್ತಿಗೆ ಅವರ ಹೊಟ್ಟೆಯೂ ಉಬ್ಬರಿಸಿಕೊಂಡಿತು. ಈ ಸಿರಪ್ ನಿಜಕ್ಕೂ ಸಕ್ಕರೆಯನ್ನು ಏರಿಸುವುದಿಲ್ಲವೇ, ಅಥವಾ ನಾನು ಮೋಸ ಹೋದೆನೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಗುಬ್ಬಿಯ ಗೃಹಿಣಿ
ಮೂರು ಒಬ್ಬಟ್ಟು ಎಂದಿರಲ್ಲ, ಕಣಕಕ್ಕೆ ಮೈದಾ ತಾನೇ ಹಾಕಿದ್ದು? ಹೂರಣದ ಬೇಳೆ ಎಲ್ಲಿಗೆ ಹೋಯಿತು? ಸಿಹಿ ಬದಲಾದರೆ ಒಬ್ಬಟ್ಟು ಬದಲಾಗುವುದಿಲ್ಲ.

ಮಧುಗಿರಿ ಹಿರಿಯ
ಇದಕ್ಕೇ ಹೇಳುವುದು, ಹಿರಿಯರು ಬಳಸಿದ ಬೆಲ್ಲವನ್ನು ಬಿಟ್ಟು ಬಾಟಲಿಯ ಹಿಂದೆ ಹೋಗಬಾರದೆಂದು. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ, ಅದು ಸಹಜವಾದ ಸಿಹಿ. ನನ್ನ ತಂದೆಯವರು ಎಂಬತ್ತರ ವಯಸ್ಸಿನಲ್ಲೂ ಬೆಲ್ಲದ ಕಾಫಿಯನ್ನೇ ಕುಡಿಯುತ್ತಿದ್ದರು, ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಕೋಲಾರದ ಆಹಾರ ತಜ್ಞೆ
ಶಿರಾಗೇಟ್ ಸೊಸೆಯವರೇ, ನೀವು ಮೋಸ ಹೋಗಿರುವುದು ಅಂಗಡಿಯವರ 'ಎಷ್ಟು ಬೇಕಾದರೂ' ಎಂಬ ಮಾತಿನಿಂದಲೇ ಹೊರತು ಚಿಕೋರಿ ಬೇರಿನಿಂದಲ್ಲ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಚಿಕೋರಿ ಬೇರಿನಲ್ಲಿರುವ ಮುಖ್ಯ ವಸ್ತು ಇನ್ಯುಲಿನ್. ಹೆಸರು ಇನ್ಸುಲಿನ್‌ನಂತೆ ಕೇಳಿಸಿದರೂ ಎರಡಕ್ಕೂ ಸಂಬಂಧವಿಲ್ಲ. ಇನ್ಯುಲ ಎಂಬ ಗಿಡದ ಬೇರಿನಲ್ಲಿ 1804ರಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು ಬಂತು. ಇದು ಫ್ರಕ್ಟೋಸ್ ಅಣುಗಳನ್ನು ಮಣಿಗಳಂತೆ ಪೋಣಿಸಿದ ಸರ. ಆ ಮಣಿಗಳ ನಡುವಿನ ಕೊಂಡಿಯನ್ನು ಕತ್ತರಿಸುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ಆದ್ದರಿಂದ ಅದು ಗ್ಲೂಕೋಸ್ ಆಗಿ ರಕ್ತ ಸೇರದೆ ನೇರವಾಗಿ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬಿಫಿಡೊ ಮೊದಲಾದ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ, ಜೊತೆಗೆ ಗಾಳಿಯನ್ನೂ. ಪ್ರೀಬಯಾಟಿಕ್ ಎಂಬ ಮಾತು 1995ರಲ್ಲಿ ಬಳಕೆಗೆ ಬಂದದ್ದು ಇಂಥ ಆಹಾರಾಂಶಗಳನ್ನು ಹೆಸರಿಸಲೆಂದೇ. ಸರ ಚಿಕ್ಕದಾದಷ್ಟೂ ಸಿಹಿ ಹೆಚ್ಚು. ಚಿಕ್ಕ ಸರದ ಆಲಿಗೋಫ್ರಕ್ಟೋಸ್ ಸಕ್ಕರೆಯ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಸಿಹಿ ಇರುತ್ತದೆ, ಉದ್ದ ಸರದ ಇನ್ಯುಲಿನ್ ಹತ್ತನೆಯ ಒಂದು ಭಾಗದಷ್ಟು ಮಾತ್ರ.

ಈಗ ಮುಖ್ಯ ವಿಷಯ. ಈ ಸಿಹಿ ಊಟದ ನಂತರದ ಸಕ್ಕರೆಯನ್ನು 'ಇಳಿಸುವುದಿಲ್ಲ'. ಬೆಲ್ಲದ ಅಥವಾ ಸಕ್ಕರೆಯ ಜಾಗದಲ್ಲಿ ಅದು ಕುಳಿತಾಗ, ಆ ಬೆಲ್ಲದಿಂದ ಏರಬೇಕಿದ್ದಷ್ಟು ಮಾತ್ರ ಏರುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2014ರಲ್ಲಿ ಒಪ್ಪಿಕೊಂಡದ್ದೂ ಇಷ್ಟನ್ನೇ: ಸಕ್ಕರೆಯ ಬದಲು ಜೀರ್ಣವಾಗದ ಇಂಥ ಸರಗಳನ್ನು ಬಳಸಿದರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. 'ಬದಲು' ಎಂಬ ಪದವನ್ನು ಗಮನಿಸಿ. ಎಲೆಯ ಮೇಲಿನ ಅನ್ನ, ಮೈದಾ, ಬೇಳೆಗಳ ಪಿಷ್ಟ ತನ್ನ ಪಾಡಿಗೆ ಗ್ಲೂಕೋಸ್ ಆಗುತ್ತಲೇ ಇರುತ್ತದೆ, ಅದನ್ನು ಈ ಸಿರಪ್ ತಡೆಯುವುದಿಲ್ಲ.

ಬಾಟಲಿಯ ಹಿಂದಿನ ಕೋಷ್ಟಕದಲ್ಲಿ ನಾರು ಎಷ್ಟು, ಸಕ್ಕರೆ ಎಷ್ಟು ಎಂದು ನೋಡಿ ಇಲ್ಲಿ ಬರೆಯಿರಿ. ಒಬ್ಬಟ್ಟಿಗೆ ಹಾಕಿದ ಅಳತೆಯನ್ನೂ ತಿಳಿಸಿ.

ಕೋಲಾರದ ಆಹಾರ ತಜ್ಞೆ
ಮಧುಗಿರಿಯ ಹಿರಿಯರಿಗೆ ಗೌರವದಿಂದಲೇ ಹೇಳುತ್ತೇನೆ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ ಇರುತ್ತದೆ. ಕಬ್ಬಿಣದ ಅಂಶ ಇದೆಯೆಂಬುದು ನಿಜ, ಆದರೆ ಅದರ ನೆಪದಲ್ಲಿ ಮಧುಮೇಹಿಗಳು ಬೆಲ್ಲ ತಿನ್ನುವುದು ಸರಿಯಲ್ಲ. ಕಬ್ಬಿಣಕ್ಕೆ ನುಗ್ಗೆಸೊಪ್ಪು, ಹುರುಳಿಕಾಳು ಇವೆ. ನಿಮ್ಮ ತಂದೆಯವರಿಗೆ ಕಾಯಿಲೆ ಇಲ್ಲದ್ದರಿಂದ ದೇಹ ಬೆಲ್ಲವನ್ನು ತಡೆದುಕೊಂಡಿತು. ಬೆಲ್ಲ ತಿಂದದ್ದರಿಂದ ಕಾಯಿಲೆ ಬರಲಿಲ್ಲ ಎಂದು ಅದನ್ನು ತಿರುಗಿಸಿ ಹೇಳಲಾಗದು.

ಮಧುಗಿರಿ ಹಿರಿಯ
ಅವರು ದಿನಕ್ಕೆ ಎಂಟು ಗಂಟೆ ಹೊಲದಲ್ಲಿ ದುಡಿಯುತ್ತಿದ್ದರು ಎಂಬುದನ್ನೂ ನಾನು ಹೇಳಬೇಕಿತ್ತು. ಆ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ.

ಚಿಂತಾಮಣಿ ಕಾಫಿ
ನಮ್ಮ ಫಿಲ್ಟರ್ ಕಾಫಿಯಲ್ಲಿ ಚಿಕೋರಿ ಬೆರೆತೇ ಇರುತ್ತದೆ. ಹಾಗಾದರೆ ದಿನಕ್ಕೆ ಎರಡು ಲೋಟ ಕುಡಿಯುವವರಿಗೆಲ್ಲ ಪ್ರೀಬಯಾಟಿಕ್ ತಾನಾಗಿಯೇ ಸಿಗುತ್ತಿದೆ ಎನ್ನಬಹುದೇ?

ಮಾಲೂರು ಓದುಗ
ಬೇರು ಅದೇ, ಆದರೆ ಪುಡಿ ಬೇರೆ. ಕಾಫಿಗೆ ಹಾಕುವ ಚಿಕೋರಿಯನ್ನು ಕಪ್ಪಾಗುವವರೆಗೆ ಹುರಿಯುತ್ತಾರೆ. ಆ ಶಾಖದಲ್ಲಿ ಇನ್ಯುಲಿನ್ನಿನ ಒಂದಷ್ಟು ಭಾಗ ಒಡೆದು ಫ್ರಕ್ಟೋಸ್ ಆಗುತ್ತದೆ, ಒಂದಷ್ಟು ಸುಟ್ಟು ಬಣ್ಣ ಮತ್ತು ಕಹಿಯಾಗುತ್ತದೆ. ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಕನಿಷ್ಠ 51 ಪ್ರತಿಶತ ಇರಬೇಕೆಂಬ ನಿಯಮವೂ ಇದೆ. ಒಂದು ಲೋಟದ ಡಿಕಾಕ್ಷನ್ನಿಗೆ ಇಳಿಯುವ ಚಿಕೋರಿ ಎಷ್ಟೆಂದು ನೀವೇ ಲೆಕ್ಕ ಹಾಕಿ. ಅದರ ಮೇಲೆ ಎರಡು ಚಮಚ ಸಕ್ಕರೆ ಹಾಕಿದರೆ ಯಾವ ಲಾಭವೂ ಉಳಿಯುವುದಿಲ್ಲ.

ಶಿರಾಗೇಟ್ ಸೊಸೆ
ಬಾಟಲಿಯನ್ನು ಈಗ ನೋಡಿದೆ. ಅಕ್ಷರಗಳು ಎಷ್ಟು ಚಿಕ್ಕವೆಂದರೆ ಮಗನ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದಬೇಕಾಯಿತು. ನೂರು ಗ್ರಾಂಗೆ ನಾರು 42 ಗ್ರಾಂ, ಸಕ್ಕರೆ 33 ಗ್ರಾಂ ಎಂದಿದೆ! ಮುಂಭಾಗದಲ್ಲಿ ಹಸಿರು ಎಲೆಯ ಚಿತ್ರದ ಕೆಳಗೆ 'ಸೇರಿಸಿದ ಸಕ್ಕರೆ ಇಲ್ಲ' ಎಂದೂ ಇದೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ?

ನಾನು ಇಪ್ಪತ್ತು ಒಬ್ಬಟ್ಟಿಗೆ 300 ಗ್ರಾಂ ಕಡಲೆಬೇಳೆ, 250 ಗ್ರಾಂ ಮೈದಾ, 250 ಗ್ರಾಂ ಸಿರಪ್ ಬಳಸಿದ್ದೆ. ಬೇಳೆ, ಮೈದಾ ಎಂದಿನ ಅಳತೆಯೇ. ಬೆಲ್ಲ ಹಾಕುವಾಗ 300 ಗ್ರಾಂ ಹಾಕುತ್ತಿದ್ದೆ.

ಕೋಲಾರದ ಆಹಾರ ತಜ್ಞೆ
ಎರಡೂ ನಿಜವೇ. ತಯಾರಕರು ಹೊರಗಿನಿಂದ ಸಕ್ಕರೆ ಬೆರೆಸಿಲ್ಲ, ಬೇರಿನ ಸರವನ್ನು ಒಡೆಯುವಾಗ ಹುಟ್ಟಿದ ಬಿಡಿ ಸಕ್ಕರೆ ಅದರಲ್ಲೇ ಉಳಿದಿದೆ. ಆಂಡಿಸ್ ಪರ್ವತ ಪ್ರದೇಶದ ಯಾಕೋನ್ ಗೆಡ್ಡೆಯ ಸಿರಪ್ಪಿನಲ್ಲೂ ಇದೇ ಸ್ಥಿತಿ: ಪ್ರೀಬಯಾಟಿಕ್ ಅಂಶದ ಜೊತೆಗೆ ಬಿಡಿ ಫ್ರಕ್ಟೋಸ್, ಗ್ಲೂಕೋಸ್ ಮತ್ತು ಸಕ್ಕರೆ ಇರುತ್ತವೆ.

ಈಗ ಲೆಕ್ಕ ನೋಡೋಣ. 250 ಗ್ರಾಂ ಸಿರಪ್ಪಿನಲ್ಲಿ ಸಕ್ಕರೆ ಸುಮಾರು 82 ಗ್ರಾಂ, ಅಂದರೆ ಒಂದು ಒಬ್ಬಟ್ಟಿಗೆ 4 ಗ್ರಾಂ. ಮೈದಾದಿಂದ ಒಬ್ಬಟ್ಟಿಗೆ ಸುಮಾರು 9 ಗ್ರಾಂ ಪಿಷ್ಟ, ಕಡಲೆಬೇಳೆಯಿಂದ ಸುಮಾರು 7 ಗ್ರಾಂ. ಒಟ್ಟು 20 ಗ್ರಾಂ. ಮೂರು ಒಬ್ಬಟ್ಟಿಗೆ 60 ಗ್ರಾಂ. ಕಳೆದ ವರ್ಷದ ಬೆಲ್ಲದ ಒಬ್ಬಟ್ಟಿನಲ್ಲಿ ಬೆಲ್ಲದಿಂದ ಸುಮಾರು 13 ಗ್ರಾಂ, ಮೈದಾದಿಂದ 9, ಬೇಳೆಯಿಂದ 7, ಒಟ್ಟು 29 ಗ್ರಾಂ. ಮಾವನವರು ಅಂದು ತಿಂದದ್ದು ಒಂದೇ. ಹೀಗಾಗಿ ಈ ವರ್ಷ ಒಬ್ಬಟ್ಟಿನಿಂದಲೇ ರಕ್ತಕ್ಕೆ ಸೇರಬಲ್ಲ ಪಿಷ್ಟ ಮತ್ತು ಸಕ್ಕರೆ ಕಳೆದ ವರ್ಷದ ಎರಡರಷ್ಟು ಆಯಿತು, ಅನ್ನ ಬೇರೆ. 214 ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮೂರು ಒಬ್ಬಟ್ಟನ್ನೇ ಬೆಲ್ಲದಲ್ಲಿ ಮಾಡಿ ತಿಂದಿದ್ದರೆ 87 ಗ್ರಾಂ ಆಗುತ್ತಿತ್ತು ಎಂಬುದನ್ನೂ ನೋಡಿ. ಸಿರಪ್ ತನ್ನ ಕೆಲಸವನ್ನು ಮಾಡಿದೆ, ಎರಡು ಹೆಚ್ಚುವರಿ ಒಬ್ಬಟ್ಟು ಅದನ್ನು ನುಂಗಿ ಹಾಕಿವೆ.

ಹೊಟ್ಟೆ ಉಬ್ಬರಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಒಂದು ಒಬ್ಬಟ್ಟಿಗೆ 5 ಗ್ರಾಂ ನಾರು, ಮೂರಕ್ಕೆ 15 ಗ್ರಾಂ. ಅಭ್ಯಾಸವಿಲ್ಲದ ಹೊಟ್ಟೆಗೆ ಅದನ್ನು ಒಂದೇ ಹೊತ್ತಿಗೆ ಕೊಟ್ಟರೆ ಗಾಳಿ ತುಂಬದೆ ಇರುವುದಿಲ್ಲ.

ಗುಬ್ಬಿಯ ಗೃಹಿಣಿ
ಎಷ್ಟೋ ವರ್ಷದಿಂದ ಒಬ್ಬಟ್ಟು ತಟ್ಟುತ್ತಿದ್ದೇನೆ, ಒಂದೊಂದರ ಒಳಗೆ ಏನೇನು ಎಷ್ಟಿದೆ ಎಂದು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ತುಂಬಾ ಧನ್ಯವಾದಗಳು.

ಶ್ರೀನಿವಾಸಪುರ ತೋಟ
ಉಬ್ಬರದ ವಿಷಯದಲ್ಲಿ ನನ್ನದೂ ಅನುಭವವಿದೆ. ನಾನು ಸಿರಪ್ ಅಲ್ಲ, ಇನ್ಯುಲಿನ್ ಪುಡಿಯನ್ನೇ ತರಿಸಿದ್ದೆ. ಮೊದಲ ದಿನವೇ ಎರಡು ದೊಡ್ಡ ಚಮಚ ಮಜ್ಜಿಗೆಗೆ ಬೆರೆಸಿ ಕುಡಿದು ಮಾವಿನ ತೋಟಕ್ಕೆ ಹೋದೆ. ಹನ್ನೊಂದು ಗಂಟೆಯ ಹೊತ್ತಿಗೆ ಹೊಟ್ಟೆಯೊಳಗೆ ಗುಡುಗು ಶುರುವಾಗಿ, ಕೆಲಸ ಬಿಟ್ಟು ಮನೆಗೆ ಬರಬೇಕಾಯಿತು. ನಾನೂ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಆ ಮಾತ್ರೆಯಿಂದಲೇ ಕೆಲವರಿಗೆ ಭೇದಿ, ಉಬ್ಬರ ಆಗುತ್ತದೆ, ಅದರ ಮೇಲೆ ಇದೂ ಸೇರಿದರೆ ತಡೆಯಲಾಗುವುದಿಲ್ಲ ಎಂದು ವೈದ್ಯರು ಆಮೇಲೆ ಹೇಳಿದರು. ಈಗ ಅರ್ಧ ಚಿಕ್ಕ ಚಮಚದಿಂದ ಆರಂಭಿಸಿ ವಾರಕ್ಕೊಮ್ಮೆ ಸ್ವಲ್ಪ ಏರಿಸುತ್ತಿದ್ದೇನೆ, ತೊಂದರೆಯಿಲ್ಲ. ಮಲಬದ್ಧತೆ ಮಾತ್ರ ನಿಜವಾಗಿಯೂ ಕಡಿಮೆಯಾಗಿದೆ.

ಬಾಗೇಪಲ್ಲಿ ಮೇಷ್ಟ್ರು
ಆಹಾರ ತಜ್ಞೆಯವರ ಒಂದು ಮಾತನ್ನು ನಾನು ಒಪ್ಪುವುದಿಲ್ಲ. 'ಇಳಿಸುವುದಿಲ್ಲ' ಎಂದು ಅವರು ಖಚಿತವಾಗಿ ಬರೆದಿದ್ದಾರೆ. ನಾನು ರಾಗಿ ಮುದ್ದೆ ತಿನ್ನುವ ಹತ್ತು ನಿಮಿಷ ಮೊದಲು ಇನ್ಯುಲಿನ್ ಬೆರೆಸಿದ ಮಜ್ಜಿಗೆ ಕುಡಿದು ನೋಡಿದ್ದೇನೆ. ಕುಡಿಯದ ದಿನ 178 ಇತ್ತು, ಕುಡಿದ ದಿನ 160 ಬಂತು. ಹದಿನೆಂಟು ಅಂಶ ಇಳಿದಿದೆಯಲ್ಲ? ಕಣ್ಣಾರೆ ಕಂಡದ್ದನ್ನು ಹೇಗೆ ಅಲ್ಲಗಳೆಯುವುದು?

ಲ್ಯಾಬ್ ತಂತ್ರಜ್ಞ, ಗೌರಿಬಿದನೂರು
ಮೇಷ್ಟ್ರೇ, ನೀವು ಕಂಡದ್ದು ಸುಳ್ಳಲ್ಲ, ಆದರೆ ಅದು ಸಾಕ್ಷಿಯೂ ಅಲ್ಲ. ಮನೆಯ ಗ್ಲೂಕೋಮೀಟರುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100ಕ್ಕಿಂತ ಮೇಲಿನ ಅಂಕಿಗಳಲ್ಲಿ 15 ಪ್ರತಿಶತದಷ್ಟು ಹೆಚ್ಚು ಕಡಿಮೆ ಬಂದರೂ ಯಂತ್ರವನ್ನು ಸರಿಯೆಂದೇ ಒಪ್ಪುತ್ತಾರೆ. ನಿಜವಾದ ಸಕ್ಕರೆ 170 ಇದ್ದಾಗ ಯಂತ್ರ 145 ತೋರಿಸಬಹುದು, 195 ತೋರಿಸಬಹುದು. ಹಾಗಿರುವಾಗ 178 ಮತ್ತು 160ರ ನಡುವಿನ ವ್ಯತ್ಯಾಸ ಮಜ್ಜಿಗೆಯದೋ ಯಂತ್ರದ್ದೋ ಎಂದು ಒಂದೊಂದು ದಿನದ ಅಳತೆಯಿಂದ ಹೇಳಲಾಗದು.

ಇನ್ನೂ ಎರಡು ಮಾತುಗಳಿವೆ. ಎರಡು ಗಂಟೆಯನ್ನು ಊಟದ ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಹೊತ್ತಿನಿಂದಲ್ಲ. ಹಬ್ಬದ ಊಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಅಂಕಿ ಬದಲಾಗಿರುತ್ತದೆ. ಎರಡನೆಯದು ಬೆರಳು. ಒಬ್ಬಟ್ಟಿನ ಹೂರಣ, ಬಾಳೆಹಣ್ಣು, ದ್ರಾಕ್ಷಿ ಮುಟ್ಟಿದ ಬೆರಳನ್ನು ಸೋಪಿನಿಂದ ತೊಳೆಯದೆ ಚುಚ್ಚಿದರೆ, ಚರ್ಮದ ಮೇಲೆ ಉಳಿದ ಸಕ್ಕರೆ ರಕ್ತದ ಹನಿಗೆ ಬೆರೆತು ಅಂಕಿಯನ್ನು ಬಹಳವೇ ಏರಿಸಿಬಿಡುತ್ತದೆ. ನಮ್ಮಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರರು ಮನೆಯಲ್ಲಿ 290 ಬಂತೆಂದು ಗಾಬರಿಯಿಂದ ಓಡಿ ಬಂದಿದ್ದರು. ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಚುಚ್ಚಿದಾಗ 150ರ ಆಸುಪಾಸು ಇತ್ತು. ಸ್ಪಿರಿಟ್ ಹತ್ತಿಯಿಂದ ಒಂದು ಸಲ ಒರೆಸಿದರೂ ಸಾಲದು, ನೀರು ಮತ್ತು ಸೋಪು ಬೇಕು.

ಶಿರಾಗೇಟ್ ಸೊಸೆ
ಮಾವನವರು ಎಡಗೈ ಬೆರಳನ್ನೇ ಚುಚ್ಚಿಸಿಕೊಳ್ಳುವುದು, ಸೋಪಿನಿಂದ ತೊಳೆದಿದ್ದರು. ಆದರೆ ಹೊತ್ತನ್ನು ನಾನು ಎಣಿಸಿದ್ದು ಅವರು ಎಲೆಯಿಂದ ಎದ್ದ ಮೇಲೆ. ಕಳೆದ ವರ್ಷ ಹೇಗೆ ಎಣಿಸಿದ್ದೆನೋ ನೆನಪಿಲ್ಲ.

ಬಾಗೇಪಲ್ಲಿ ಮೇಷ್ಟ್ರು
ಸರಿ, ಹಾಗಾದರೆ ಸರಿಯಾದ ಪರೀಕ್ಷೆ ಹೇಗೆಂದು ತಿಳಿಸಿ, ಮಾಡಿಯೇ ನೋಡುತ್ತೇನೆ.

ಲ್ಯಾಬ್ ತಂತ್ರಜ್ಞ, ಗೌರಿಬಿದನೂರು
ಒಂದೇ ತೂಕದ ಮುದ್ದೆ, ಅದೇ ಸಾರು, ಅದೇ ಹೊತ್ತು, ಊಟದ ನಂತರ ಅಷ್ಟೇ ನಡಿಗೆ. ಇನ್ಯುಲಿನ್ ಇಲ್ಲದೆ ನಾಲ್ಕು ದಿನ, ಇನ್ಯುಲಿನ್ ಜೊತೆ ನಾಲ್ಕು ದಿನ, ಒಂದು ಬಿಟ್ಟು ಒಂದು ದಿನದಂತೆ. ಇನ್ಯುಲಿನ್ ಇಲ್ಲದ ದಿನವೂ ಅಷ್ಟೇ ಮಜ್ಜಿಗೆ ಕುಡಿಯಬೇಕು, ಏಕೆಂದರೆ ಮಜ್ಜಿಗೆಯ ಪ್ರೋಟೀನಿಗೂ ಸ್ವಲ್ಪ ಪ್ರಭಾವವಿದೆ. ಪ್ರತಿ ಸಲ ಊಟಕ್ಕೆ ಮೊದಲೂ ಒಮ್ಮೆ ನೋಡಿ, ಎಷ್ಟು ಏರಿತೆಂಬುದನ್ನು ಬರೆದಿಡಿ. ಮಾತ್ರೆಗಳನ್ನು ಮಾತ್ರ ಒಂದು ದಿನವೂ ಬದಲಿಸಬೇಡಿ.

ಕೋಲಾರದ ಆಹಾರ ತಜ್ಞೆ
ಮೇಷ್ಟ್ರ ಆಕ್ಷೇಪಕ್ಕೆ ನನ್ನ ಉತ್ತರವನ್ನೂ ಸೇರಿಸುತ್ತೇನೆ. ನಾರಿನಲ್ಲಿ ಎರಡು ಬಗೆಯಿದೆ. ಮೆಂತ್ಯದ ಕಾಳನ್ನು ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ನೀರು ಲೋಳೆಯಾಗಿರುತ್ತದೆ, ಇಸಬ್‌ಗೋಲ್ ಕೂಡ ಹಾಗೆಯೇ. ಈ ಲೋಳೆ ಹೊಟ್ಟೆಯಲ್ಲಿ ಅನ್ನದ ಜೊತೆ ಬೆರೆತು, ಆಹಾರ ಕರುಳಿಗೆ ಇಳಿಯುವುದನ್ನೂ ಗ್ಲೂಕೋಸ್ ಹೀರಲ್ಪಡುವುದನ್ನೂ ನಿಧಾನಗೊಳಿಸುತ್ತದೆ. ಆ ಊಟದ ಏರಿಕೆಯನ್ನೇ ತಗ್ಗಿಸುವ ಶಕ್ತಿ ಇರುವುದು ಇಂಥ ಅಂಟು ನಾರಿಗೆ. ಇನ್ಯುಲಿನ್ ನೀರಿನಲ್ಲಿ ಸಕ್ಕರೆಯಂತೆ ಕರಗಿಬಿಡುತ್ತದೆ, ಲೋಳೆಯಾಗುವುದಿಲ್ಲ. ಆದ್ದರಿಂದ ಅದೇ ಊಟದ ಮೇಲೆ ಅದರಿಂದ ಹೆಚ್ಚಿನ ತಡೆಯನ್ನು ನಿರೀಕ್ಷಿಸಲಾಗದು.

ವಾರಗಟ್ಟಲೆ, ತಿಂಗಳುಗಟ್ಟಲೆ ಬಳಸಿದಾಗ ಕರುಳಿನ ಬ್ಯಾಕ್ಟೀರಿಯಾಗಳು ಬದಲಾಗಿ, ಅವು ಹುಟ್ಟಿಸುವ ಆಮ್ಲಗಳು ಹಸಿವು ಮತ್ತು ಇನ್ಸುಲಿನ್‌ಗೆ ಸಂಬಂಧಿಸಿದ ಕರುಳಿನ ಹಾರ್ಮೋನುಗಳನ್ನು ಪ್ರಚೋದಿಸುತ್ತವೆ ಎಂಬುದು ಬೇರೆಯೇ ದಾರಿ. ಆ ದಾರಿಯಲ್ಲಿ ಮಧುಮೇಹಿಗಳ ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದ ಅಧ್ಯಯನಗಳೂ ಇವೆ, ಏನೂ ಬದಲಾಗದ ಅಧ್ಯಯನಗಳೂ ಇವೆ. ಇಳಿದಲ್ಲೂ ಅದು ಮಾತ್ರೆಯ ಜಾಗವನ್ನು ತುಂಬುವಷ್ಟಲ್ಲ. ಅದನ್ನು ನೋಡಬೇಕಾದರೆ ಒಂದು ಊಟದ ಅಂಕಿಯಲ್ಲ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯೇ ಬೇಕು.

ಪಾವಗಡದ ಬದು
ಅಗೇವ್ ಸಿರಪ್ ಕೂಡ ಪ್ರೀಬಯಾಟಿಕ್ ಎಂದು ಅಂಗಡಿಯಲ್ಲಿ ಮಾರುತ್ತಿದ್ದಾರೆ. ಅಗೇವ್ ಎಂದರೆ ನಮ್ಮ ಹೊಲದ ಬದುವಿನ ಕತ್ತಾಳೆಯ ಜಾತಿಯೇ ಎಂದು ತಿಳಿಯಿತು. ನಮ್ಮ ಕಡೆ ದಾರಿಯುದ್ದಕ್ಕೂ ಕತ್ತಾಳೆ ಬೆಳೆದಿದೆ, ನೀರನ್ನೂ ಕೇಳುವುದಿಲ್ಲ. ಅದರಿಂದ ಇಲ್ಲೇ ಸಿಹಿ ತೆಗೆಯಬಹುದಲ್ಲ? ರೈತರಿಗೂ ಒಂದು ಆದಾಯವಾಗುತ್ತದೆ.

ಮಾಲೂರು ಓದುಗ
ದಯವಿಟ್ಟು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಚಿಕ್ಕಂದಿನಲ್ಲಿ ನಾರು ತೆಗೆಯಲೆಂದು ನಾನು ಹಸಿ ಕತ್ತಾಳೆಯನ್ನು ಕಲ್ಲಿನ ಮೇಲೆ ಜಜ್ಜಿದ್ದೆ. ರಸ ಸಿಡಿದ ಮುಂಗೈ ಮೇಲೆ ಕೆಂಪು ಗುಳ್ಳೆಗಳೆದ್ದು ಎರಡು ದಿನ ಉರಿಯಿತು. ಆ ರಸದಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಅವೇ ಚರ್ಮವನ್ನು ಚುಚ್ಚುವುದು. ಮೆಕ್ಸಿಕೋದಲ್ಲಿ ಸಿರಪ್ಪಿಗೆ ಬಳಸುವುದು ನೀಲಿ ಅಗೇವ್ ಮೊದಲಾದ ಬೇರೆ ಪ್ರಭೇದಗಳನ್ನು, ಅದೂ ವರ್ಷಗಟ್ಟಲೆ ಬೆಳೆಸಿದ ಗಿಡದ ನಡುವಿನ ಗಡ್ಡೆಯನ್ನು.

ಕೋಲಾರದ ಆಹಾರ ತಜ್ಞೆ
ಅದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ. ಅಗೇವ್ ಗಡ್ಡೆಯಲ್ಲಿ ಇನ್ಯುಲಿನ್‌ನಂಥ ಸರಗಳಿರುವುದು ನಿಜ. ಆದರೆ ಸಿರಪ್ ಮಾಡುವಾಗ ಶಾಖದಿಂದಲೋ ಕಿಣ್ವದಿಂದಲೋ ಆ ಸರಗಳನ್ನು ಪೂರ್ತಿ ಒಡೆದು ಫ್ರಕ್ಟೋಸ್ ಮಾಡುತ್ತಾರೆ, ಹಾಗೆ ಮಾಡದಿದ್ದರೆ ಸಿಹಿಯೇ ಬರುವುದಿಲ್ಲ. ಕೊನೆಗೆ ಬಾಟಲಿಯಲ್ಲಿ ಪ್ರೀಬಯಾಟಿಕ್ ಉಳಿದಿರುವುದಿಲ್ಲ. ಫ್ರಕ್ಟೋಸ್ ಯಕೃತ್ತಿಗೆ ಹೋಗುವುದರಿಂದ ಗ್ಲೂಕೋಮೀಟರಿನಲ್ಲಿ ಅಂಕಿ ಅಷ್ಟಾಗಿ ಏರುವುದಿಲ್ಲ, ಜನ ಅದನ್ನೇ ನಂಬಿ ಧಾರಾಳವಾಗಿ ಸುರಿದುಕೊಳ್ಳುತ್ತಾರೆ. ಹೆಚ್ಚಾದ ಫ್ರಕ್ಟೋಸ್ ಯಕೃತ್ತಿನಲ್ಲಿ ಕೊಬ್ಬಾಗುತ್ತದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುತ್ತದೆ. ಗ್ಲೂಕೋಮೀಟರ್ ಸುಮ್ಮನಿದ್ದ ಮಾತ್ರಕ್ಕೆ ದೇಹವೂ ಸುಮ್ಮನಿದೆ ಎಂದು ತಿಳಿಯಬಾರದು.

ಚಿಂತಾಮಣಿ ಕಾಫಿ
ಹಾಗಾದರೆ ಸ್ಟೀವಿಯಾ? ಅದೂ ಗಿಡದಿಂದ ಬಂದದ್ದೇ.

ಮಾಲೂರು ಓದುಗ
ಸ್ಟೀವಿಯಾ ಎಲೆಯಿಂದ ತೆಗೆದ ಸಾರದ ಸಿಹಿ ಸಕ್ಕರೆಯ 200ರಿಂದ 300 ಪಟ್ಟು ಇರುವುದರಿಂದ ಚಿಟಿಕೆಯ ಭಾಗ ಸಾಕು, ಅದರಿಂದ ಸಕ್ಕರೆ ಏರುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅದಕ್ಕೆ ಅನುಮತಿ ಕೊಟ್ಟಿದೆ. ಆದರೆ ಅದು ನಾರಲ್ಲ, ಆದ್ದರಿಂದ ಅದನ್ನು ಪ್ರೀಬಯಾಟಿಕ್ ಎಂದು ಕರೆಯುವುದು ಸರಿಯಲ್ಲ. ಇನ್ನೊಂದು ಎಚ್ಚರಿಕೆ: ಅಷ್ಟು ಚಿಕ್ಕ ಅಳತೆಯನ್ನು ಚಮಚದಲ್ಲಿ ಹಾಕಲಾಗದೆಂದು ಕೆಲವು ಪೊಟ್ಟಣಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ಬೆರೆಸಿರುತ್ತಾರೆ. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ಮಾಲ್ಟೋಡೆಕ್ಸ್‌ಟ್ರಿನ್ ಕೂಡ ಸಕ್ಕರೆಗಿಂತ ವೇಗವಾಗಿ ರಕ್ತ ಸೇರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಯಾವ ಹೆಸರಿದೆ ಎಂದು ಓದಿಯೇ ಕೊಳ್ಳಿ.

ನರ್ಸ್, ತಿಪಟೂರು
ಯಾರೂ ಹೇಳದ ಒಂದು ವಿಷಯವನ್ನು ನಾನು ಹೇಳಲೇಬೇಕು. ಶಿರಾಗೇಟಿನ ಮಾವನವರು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದಾರೆ. ಆ ಮಾತ್ರೆಯಿಂದ, ಹಾಗೆಯೇ ಇನ್ಸುಲಿನ್ ಚುಚ್ಚುಮದ್ದಿನಿಂದ, ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಗಿ, ಬೆವರು ಕಿತ್ತು, ಮಾತು ತೊದಲುವ ಹೊತ್ತಿಗೆ ಮನೆಯವರು ಗಾಬರಿಯಲ್ಲಿ ಕೈಗೆ ಸಿಕ್ಕ ಸಿಹಿಯನ್ನು ಕೊಡುತ್ತಾರೆ. ಆಗ ಈ ಚಿಕೋರಿ ಸಿರಪ್ಪನ್ನಾಗಲಿ ಸ್ಟೀವಿಯಾ ಹಾಕಿದ ಪಾನಕವನ್ನಾಗಲಿ ಕೊಟ್ಟರೆ ಕೆಲಸವಾಗುವುದಿಲ್ಲ. ರಕ್ತಕ್ಕೆ ತಕ್ಷಣ ಸೇರುವ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವೋಗ್ಲಿಬೋಸ್ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ ಅಡುಗೆ ಸಕ್ಕರೆಯೂ ತಡವಾಗಿ ಜೀರ್ಣವಾಗುತ್ತದೆ, ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಸಿಹಿ ಬದಲಿಸಿದ ಮನೆಯಲ್ಲಿ ಒಂದು ಡಬ್ಬಿ ಗ್ಲೂಕೋಸ್ ಪ್ರತ್ಯೇಕವಾಗಿ, ಎಲ್ಲರಿಗೂ ಕಾಣುವ ಜಾಗದಲ್ಲಿ ಇರಲಿ.

ಶಿರಾಗೇಟ್ ಸೊಸೆ
ಇದು ನಮ್ಮ ಮನಸ್ಸಿಗೆ ಹೊಳೆದೇ ಇರಲಿಲ್ಲ. ಇವತ್ತೇ ಗ್ಲೂಕೋಸ್ ಪುಡಿ ತಂದು ಮಾತ್ರೆಯ ಪೆಟ್ಟಿಗೆಯ ಪಕ್ಕದಲ್ಲಿಡುತ್ತೇನೆ.

ಮಧುಗಿರಿ ಹಿರಿಯ
ಇಷ್ಟು ಹಣ ಕೊಟ್ಟು ಬಾಟಲಿ ತರುವ ಬದಲು ನಮ್ಮ ಅಡುಗೆಯಲ್ಲೇ ಇಂಥದ್ದು ಇಲ್ಲವೇ? ಅದನ್ನು ಯಾರಾದರೂ ಹೇಳಿ.

ಗುಬ್ಬಿಯ ಗೃಹಿಣಿ
ಅವರೆಕಾಳು! ಸೊಗಡವರೆಯ ಕಾಲದಲ್ಲಿ ಮನೆಮಂದಿಗೆಲ್ಲ ಹೊಟ್ಟೆ ಗುಡುಗುಟ್ಟುವುದು ಅದಕ್ಕೇ ಇರಬೇಕು.

ಕೋಲಾರದ ಆಹಾರ ತಜ್ಞೆ
ಸರಿಯಾಗಿ ಹೇಳಿದಿರಿ. ಅವರೆ, ಹುರುಳಿ, ಅಲಸಂದೆ ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸರಗಳಿವೆ. ಅವು ಕೂಡ ಮೇಲಿನ ಕರುಳಿನಲ್ಲಿ ಜೀರ್ಣವಾಗದೆ ಕೆಳಗೆ ಹೋಗಿ ಹುದುಗುತ್ತವೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಹಿತುಕಿ, ಆ ನೀರನ್ನು ಚೆಲ್ಲಿದರೆ ಒಂದು ಪಾಲು ಕರಗಿ ಹೋಗುವುದರಿಂದ ಹಿತಕಿದ ಬೇಳೆ ಹೊಟ್ಟೆಗೆ ಹಗುರ. ಇನ್ಯುಲಿನ್ ಬೇಕೆಂದರೆ ಬೆಳ್ಳುಳ್ಳಿಯಲ್ಲಿ ಸಾಕಷ್ಟಿದೆ, ಈರುಳ್ಳಿಯಲ್ಲೂ ಇದೆ. ಬಸ್ಸಾರಿನ ಖಾರಕ್ಕೆ ಎರಡನ್ನೂ ಹುರಿದು ಹಾಕುವ ನಮ್ಮ ಪದ್ಧತಿಯಲ್ಲಿ ಅವು ತಾವಾಗಿಯೇ ಬರುತ್ತವೆ. ಇವು ಯಾವುವೂ ಸಿಹಿಯ ಜಾಗಕ್ಕೆ ಬರಲಾರವು, ಆದರೆ ಪ್ರೀಬಯಾಟಿಕ್ ಬೇಕೆಂಬ ಒಂದೇ ಕಾರಣಕ್ಕೆ ಬಾಟಲಿ ಕೊಳ್ಳುವ ಅಗತ್ಯವಿಲ್ಲ.

ಬಾಗೇಪಲ್ಲಿ ಮೇಷ್ಟ್ರು
ಹೇಳಿದ ಕ್ರಮದಲ್ಲೇ ಎಂಟು ದಿನ ನೋಡಿದೆ. ಬರಿಯ ಮಜ್ಜಿಗೆಯ ನಾಲ್ಕು ದಿನ ಏರಿಕೆ 52, 61, 44, 58. ಇನ್ಯುಲಿನ್ ಬೆರೆಸಿದ ನಾಲ್ಕು ದಿನ 55, 47, 60, 49. ಮೊದಲನೆಯದರ ಸರಾಸರಿ ಸುಮಾರು 54, ಎರಡನೆಯದರದು 53. ನನ್ನ ಹದಿನೆಂಟು ಅಂಶ ಎಲ್ಲಿಯೂ ಕಾಣಲಿಲ್ಲ. ನಾನು ಮೊದಲು ವಾದಿಸಿದ್ದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಒಂಬತ್ತನೆಯ ದಿನ ಅದೇ ತೂಕದ ಮುದ್ದೆಯನ್ನು ಮೊದಲು ಸೊಪ್ಪಿನ ಪಲ್ಯ, ಕಾಳು ತಿಂದಾದ ಮೇಲೆ ತಿಂದು ಕಾಲು ಗಂಟೆ ನಡೆದೆ. ಏರಿಕೆ 31. ಒಂದೇ ದಿನದ ಅಳತೆ ಎಂದು ತಂತ್ರಜ್ಞರು ಬೈಯುವ ಮೊದಲೇ ಹೇಳುತ್ತೇನೆ, ಇನ್ನೂ ಮೂರು ದಿನ ಇದನ್ನು ಮಾಡುತ್ತೇನೆ.

ಲ್ಯಾಬ್ ತಂತ್ರಜ್ಞ, ಗೌರಿಬಿದನೂರು
ಬೈಯುವುದಿಲ್ಲ ಮೇಷ್ಟ್ರೇ. ಇಷ್ಟು ಶಿಸ್ತಿನಿಂದ ಬರೆದಿಟ್ಟವರು ಕಡಿಮೆ. ತರಕಾರಿ, ಕಾಳು ಮೊದಲು, ಪಿಷ್ಟ ಕೊನೆಗೆ ಎಂಬ ಕ್ರಮದಿಂದಲೂ ಊಟದ ನಂತರದ ನಡಿಗೆಯಿಂದಲೂ ಏರಿಕೆ ತಗ್ಗುತ್ತದೆ ಎಂಬುದು ಅಧ್ಯಯನಗಳಲ್ಲೂ ಕಂಡ ವಿಷಯವೇ. ಮೂರು ದಿನದ ಅಂಕಿಗಳನ್ನೂ ಇಲ್ಲೇ ಹಾಕಿ.

ಶಿರಾಗೇಟ್ ಸೊಸೆ
ನಾವೂ ಕಳೆದ ಭಾನುವಾರ ಮತ್ತೆ ಒಬ್ಬಟ್ಟು ಮಾಡಿದೆವು, ವೈದ್ಯರನ್ನು ಕೇಳಿಯೇ. ಅದೇ ಸಿರಪ್, ಮಾವನವರಿಗೆ ಒಂದೇ ಒಬ್ಬಟ್ಟು. ಮೊದಲು ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ ತಿಂದರು, ಅನ್ನವನ್ನು ಅರ್ಧಕ್ಕೆ ಇಳಿಸಿದರು, ಆಮೇಲೆ ಹದಿನೈದು ನಿಮಿಷ ಅಂಗಳದಲ್ಲಿ ನಡೆದರು. ಮೊದಲ ತುತ್ತಿನಿಂದ ಎಣಿಸಿ ಎರಡು ಗಂಟೆಗೆ ನೋಡಿದಾಗ 161 ಇತ್ತು. ವೈದ್ಯರು ಅವರಿಗೆ 180ರ ಒಳಗಿದ್ದರೆ ಸಾಕೆಂದಿದ್ದಾರೆ. ಹೊಟ್ಟೆಯೂ ಉಬ್ಬರಿಸಲಿಲ್ಲ. 'ಒಂದನ್ನೇ ತಿಂದರೂ ಅಂಜಿಕೆಯಿಲ್ಲದೆ ತಿಂದೆ' ಎಂದು ಅವರು ಹೇಳಿದಾಗ ನನಗೆ ಸಮಾಧಾನವಾಯಿತು.

ಉಳಿದಿರುವುದು ಒಂದೇ ಪ್ರಶ್ನೆ. ಒಬ್ಬಟ್ಟಿನ ಸಾರಿಗೂ ಇದೇ ಹೂರಣವನ್ನು ಕದಡುತ್ತೇವಲ್ಲ, ಹುಣಸೆಹುಳಿಯ ಜೊತೆ ಕುದಿಸಿದರೆ ಏನಾದರೂ ಆಗುತ್ತದೆಯೇ?

ಕೋಲಾರದ ಆಹಾರ ತಜ್ಞೆ
ಆಗುತ್ತದೆ. ಹುಳಿ ಮತ್ತು ಕುದಿ ಸೇರಿದರೆ ಈ ಸರಗಳು ಒಡೆದು ಬಿಡಿ ಫ್ರಕ್ಟೋಸ್ ಆಗತೊಡಗುತ್ತವೆ. ಸಾರಿಗೆ ಬೀಳುವ ಹೂರಣ ಒಂದು ಹಿಡಿಯಾದ್ದರಿಂದ ಹೆದರುವಷ್ಟೇನಿಲ್ಲ. ಬೇಕಿದ್ದರೆ ಸಿರಪ್ ಬೆರೆಸುವ ಮೊದಲೇ ಒಂದು ಹಿಡಿ ಬೆಂದ ಬೇಳೆಯನ್ನು ಸಾರಿಗೆಂದು ಎತ್ತಿಟ್ಟುಕೊಳ್ಳಿ. ಬೇಳೆ ಬಸಿದ ಕಟ್ಟು ಹೇಗೂ ಇರುತ್ತದೆ, ಸಾರಿನ ರುಚಿಗೆ ಕೊರತೆಯಾಗದು.